ಬಾದಾಮಿ ಗುಡ್ಡದಲ್ಲಿ ದಾರಿ ತಪ್ಪಿದ ಮಕ್ಕಳು: ಒಂದು ಚಿತ್ರೀಕರಣದ ಅನುಭವ

ಬಾಗಲಕೋಟೆ ಜಿಲ್ಲೆಯಲ್ಲಿ ಯಾರೂ ಇಲ್ಲದ ಜಾಗ ಎಂಬುದೇ ಇಲ್ಲ. ಬಾದಾಮಿಯಲ್ಲಿ ಗುಡ್ಡ ಹತ್ತಿ ಹಳೆಯ ಕಾಲುದಾರಿ ಹಿಡಿದು ಮಹಾಕೂಟದ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಊರು ಮರೆಯಾಗುತ್ತದೆ. ಕೆಂಪು ಬಂಡೆ, ಮುಳ್ಳುಕಂಟಿ, ಬಿಸಿಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಕಿವಿಗೊಟ್ಟರೆ ಯಾವುದೋ ಗುಡಿಯ ಮೈಕು, ಯಾರದೋ ಹೊಲದ ಪಂಪ್‌ಸೆಟ್ಟು, ಕುರಿಯ ಕೊರಳ ಗಂಟೆ ಕೇಳಿಯೇ ಕೇಳುತ್ತವೆ. ದಾರಿ ತಪ್ಪಿದ ಅಕ್ಕ-ತಮ್ಮ, ಅವರಿಗೆ ಎದುರಾಗುವ ಒಬ್ಬ ಕುರಿಗಾಹಿ ಹುಡುಗ, ಇಷ್ಟೇ ಎಳೆ ಇಟ್ಟುಕೊಂಡು ಈ ಸೀಮೆಯಲ್ಲಿ ಸಿನಿಮಾ ಮಾಡುವವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಇದನ್ನೇ.

ಇಂಥ ಕಥೆಗೆ ದೊಡ್ಡ ಮಾದರಿ 1971ರ ‘ವಾಕಬೌಟ್’. ನಿಕೊಲಸ್ ರೋಗ್ ನಿರ್ದೇಶನದ ಜೊತೆಗೆ ಕ್ಯಾಮೆರಾವನ್ನೂ ತಾವೇ ನಿಭಾಯಿಸಿದ ಚಿತ್ರ. ಆಸ್ಟ್ರೇಲಿಯಾದ ಒಳನಾಡಿನ ಬಯಲಲ್ಲಿ ಶಹರದ ಅಕ್ಕ-ತಮ್ಮ ಇಬ್ಬರೇ ಉಳಿದುಬಿಡುತ್ತಾರೆ, ಮೂಲನಿವಾಸಿ ಹುಡುಗನೊಬ್ಬ ಅವರನ್ನು ಬದುಕಿಸುತ್ತಾನೆ. ಡೇವಿಡ್ ಗಲ್ಪಿಲಿಲ್ ಮೊದಲ ಬಾರಿಗೆ ತೆರೆಗೆ ಬಂದದ್ದು ಆ ಪಾತ್ರದಲ್ಲಿ. ಅವನಾಡುವ ಮಾತು ಆ ಮಕ್ಕಳಿಗೂ ತಿಳಿಯುವುದಿಲ್ಲ, ಸಬ್‌ಟೈಟಲ್ ಇಲ್ಲದ್ದರಿಂದ ನಮಗೂ ತಿಳಿಯುವುದಿಲ್ಲ. ಅದೇ ಕಥೆಯನ್ನು ಎತ್ತಿ ತಂದು ಇಲ್ಲಿ ನೆಟ್ಟರೆ ಬೇರು ಬಿಡದು. ಇಲ್ಲಿ ದಿನಗಟ್ಟಲೆ ನಡೆದರೂ ಮನುಷ್ಯರು ಸಿಗದಿರುವುದಿಲ್ಲ, ಕುರಿಗಾಹಿ ಆಡುವುದೂ ಕನ್ನಡವೇ. ಹಾಗಾಗಿ ಚಿತ್ರಕಥೆಯಲ್ಲಿ ದಾರಿ ತಪ್ಪಿದ ಅವಧಿಯನ್ನು ಎರಡು ರಾತ್ರಿಗೆ ಇಳಿಸಿದೆವು. ಬಾಗಲಕೋಟೆಯ ನವನಗರದಿಂದ ಬಂದ ಅಕ್ಕ-ತಮ್ಮನಿಗೆ ಪಾಳು ಬಿದ್ದಂತೆ ಕಾಣುವ ಗುಡ್ಡ, ಕುರಿ ಹುಡುಗನಿಗೆ ಒಂದೊಂದು ಬಂಡೆಗೂ ಹೆಸರಿರುವ, ಒಂದೊಂದು ಹೊಲಕ್ಕೂ ಧಣಿಯಿರುವ ಊರು. ಇಬ್ಬರ ನಡುವಿನ ದೂರ ಅದರಲ್ಲೇ ಇದೆ. ಅದು ತೆರೆಯ ಮೇಲೆ ಬರಬೇಕಾದರೆ ಚಿತ್ರತಂಡವೂ ಗುಡ್ಡವನ್ನು ಖಾಲಿ ಜಾಗ ಅಂತ ನೋಡಬಾರದು.

ಖಾಲಿಯಲ್ಲ ಅನ್ನುವುದು ಅನುಮತಿ ಕಾಗದಗಳಲ್ಲೇ ಗೊತ್ತಾಗುತ್ತದೆ. ಗುಹಾಲಯಗಳು, ಭೂತನಾಥ, ಮಹಾಕೂಟ ಎಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಸ್ಮಾರಕದ ಆವರಣದಲ್ಲಿ ಚಿತ್ರೀಕರಣಕ್ಕೆ ಪ್ರತ್ಯೇಕ ಪರವಾನಗಿ, ಶುಲ್ಕ ಎರಡೂ ಬೇಕು. ಗುಡ್ಡದ ಕೆಲ ಭಾಗ ಅರಣ್ಯ ಇಲಾಖೆಯದು, ಕೆಲವು ಗೋಮಾಳ, ಕೆಲವು ಪಟ್ಟಾ ಜಮೀನು. ಸರ್ವೆ ನಂಬರ್ ಹಾಕಿದ ನಕ್ಷೆ ಕೈಯಲ್ಲಿಲ್ಲದೆ ಲೊಕೇಶನ್ ನೋಡಲು ಹೋಗುವುದು ವ್ಯರ್ಥ. ಇಷ್ಟವಾದ ಬಂಡೆ ಯಾರ ವ್ಯಾಪ್ತಿಯದು ಅನ್ನುವುದೇ ಗೊತ್ತಾಗದು. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಧಾಮ, ಸುಮಾರು 96 ಚದರ ಕಿಲೋಮೀಟರ್, ನೋಡಲು ಕಥೆಗೆ ಹೇಳಿ ಮಾಡಿಸಿದ ಜಾಗ. ಆದರೆ ವನ್ಯಧಾಮದೊಳಗೆ ಕ್ಯಾಮೆರಾ ಒಯ್ಯಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕುರಿಹಿಂಡು ಇಳಿಸುವುದು ಚಿಂಕಾರಗಳಿಗೆ ಒಳ್ಳೆಯದಲ್ಲ. ಅದನ್ನು ಕೈಬಿಟ್ಟು ಬಾದಾಮಿ ಸುತ್ತಿನ ಗೋಮಾಳ ಮತ್ತು ಮಲಪ್ರಭೆಯ ದಂಡೆಯ ಹೊಲಗಳನ್ನೇ ಆರಿಸಿಕೊಂಡದ್ದು ಸರಿಯಾಯಿತು.

ಮಕ್ಕಳು ರಾತ್ರಿ ಕಳೆಯುವ ಕಲ್ಲಾಸರೆಯ ವಿಚಾರವೂ ಹೀಗೇ. ಬಾದಾಮಿ ಬಳಿಯ ಸಿಡಿಲಫಡಿಯಂಥ ಕಲ್ಲಾಸರೆಗಳಲ್ಲಿ ಪ್ರಾಗೈತಿಹಾಸಿಕ ಚಿತ್ರಗಳಿವೆ. ಅದರ ಕೆಳಗೆ ಒಂದು ರಾತ್ರಿ ಬೆಂಕಿ ಹಾಕಿದರೂ ಹೊಗೆ, ಮಸಿ ಏರಿ ಸಾವಿರಾರು ವರ್ಷದ ಗೆರೆಗಳು ಮಂಕಾಗುತ್ತವೆ. ಎಷ್ಟೇ ಚೆಂದ ಕಂಡರೂ ಅಲ್ಲಿ ಬೆಂಕಿಯ ದೃಶ್ಯ ಇಡಬಾರದು. ಬಣ್ಣದ ಗುರುತು ಏನೂ ಇಲ್ಲದ ಬೋಳು ಬಂಡೆಯ ಚಾಚು ಹುಡುಕಿ, ಅದನ್ನೂ ಬಲ್ಲವರಿಗೆ ತೋರಿಸಿ ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು.

ಯಾವ ತಿಂಗಳಲ್ಲಿ ತೆಗೆಯಬೇಕು ಅನ್ನುವುದು ಇನ್ನೊಂದು ಕಗ್ಗಂಟು. ಶಾಲೆಗೆ ರಜೆ ಇರುವುದು ಏಪ್ರಿಲ್-ಮೇನಲ್ಲಿ. ಆಗ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಮೇ ಮೊದಲ ವಾರ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಕಣ್ಣಿನ ಗುಳಿ ಕಪ್ಪಾಗಿ, ಮುಖದ ಭಾವವೇ ಕಾಣುವುದಿಲ್ಲ. ದಸರೆ ರಜೆಗೆ ಮಳೆಯ ಭಯ, ಗುಡ್ಡವೂ ಹಸಿರು. ಬೇಕಿರುವ ಬಣ್ಣ, ಬಿಸಿಲು, ಬೆಳೆ ಮೂರೂ ಕೂಡಿ ಬರುವುದು ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಅದು ಶಾಲೆಯ ದಿನಗಳು, ಮುಂದೆ ಪರೀಕ್ಷೆ. ಹೀಗಾಗಿ ಚಿತ್ರೀಕರಣವನ್ನು ತುಂಡು ತುಂಡಾಗಿ, ನಡುವೆ ಶಾಲೆಗೆ ಬಿಡುವು ಕೊಟ್ಟು ಹೊಂದಿಸಬೇಕು. ಸ್ಥಳದಲ್ಲಿ ಒಬ್ಬ ಶಿಕ್ಷಕರು ಇರಲೇಬೇಕು.

ಇದು ಬರೀ ಒಳ್ಳೆಯತನದ ಮಾತಲ್ಲ, ನಿಯಮವೂ ಹೌದು. ಬಾಲಕಾರ್ಮಿಕ ಕಾಯ್ದೆಯ ಅಡಿ 2017ರಲ್ಲಿ ಬಂದ ತಿದ್ದುಪಡಿ ನಿಯಮಗಳ ಪ್ರಕಾರ 14 ವರ್ಷದೊಳಗಿನ ಮಗುವಿನ ಕೆಲಸ ದಿನಕ್ಕೆ 5 ತಾಸು ಮೀರುವಂತಿಲ್ಲ, ವಿರಾಮವಿಲ್ಲದೆ 3 ತಾಸು ಮೀರುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಐವರು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿಯ ವ್ಯಕ್ತಿ ಇರಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ಕುರಿಗಾಹಿಯ ಪಾತ್ರದ ಹುಡುಗ 14 ದಾಟಿದವನಾದರೂ ಮೂವರಿಗೂ ಒಂದೇ ವೇಳಾಪಟ್ಟಿ ಇಡುವುದು ಒಳ್ಳೆಯದು. ಒಬ್ಬನನ್ನು ಹೆಚ್ಚು ಹೊತ್ತು ಬಿಸಿಲಲ್ಲಿ ನಿಲ್ಲಿಸಿದರೆ ಅವನೇ ಕೂಲಿ, ಅವರು ಅತಿಥಿ ಅನ್ನುವ ಭೇದ ಸೆಟ್ಟಿನಲ್ಲೇ ಹುಟ್ಟಿ ತೆರೆಗೂ ಬರುತ್ತದೆ.

ಐದು ತಾಸಿನ ಮಿತಿ ಬೆಳಕಿನ ಲೆಕ್ಕಕ್ಕೂ ಕೂಡಿ ಬರುತ್ತದೆ. ಬೆಳಿಗ್ಗೆ 8ರಿಂದ 10, ಮಧ್ಯಾಹ್ನ 4ರಿಂದ 6:30. ನಡುವಿನ ಹೊತ್ತು ಮಕ್ಕಳು ನೆರಳಲ್ಲಿ, ಪಾಠದಲ್ಲಿ. ಫೆಬ್ರುವರಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6:30ಕ್ಕೆ. ರಾತ್ರಿಯ ಬೆಂಕಿಯ ದೃಶ್ಯವನ್ನು ನಿಜವಾದ ರಾತ್ರಿಯಲ್ಲಿ ತೆಗೆಯುವ ಅಗತ್ಯವೇ ಇಲ್ಲ. ಹೊತ್ತು ಮುಳುಗಿದ ಮೇಲಿನ 20-25 ನಿಮಿಷ ಆಕಾಶ ಕಡುನೀಲಿ ಇರುತ್ತದೆ, ಗುಡ್ಡದ ಅಂಚು ಕಾಣುತ್ತದೆ, ಬೆಂಕಿಯೂ ಸಾಕಷ್ಟು ಬೆಳಗುತ್ತದೆ. ಆ ದಿನ ಸಂಜೆಯ ಪಾಳಿಯನ್ನು ಅರ್ಧ ತಾಸು ಮುಂದಕ್ಕೆ ತಳ್ಳಿದರಾಯಿತು. ಆದರೆ ಇರುವುದು ಒಂದೇ ಅವಕಾಶ. ಹಿಂದಿನ ಸಂಜೆ ಅದೇ ಜಾಗದಲ್ಲಿ ಮಕ್ಕಳಿಲ್ಲದೆ ಪೂರ್ತಿ ತಾಲೀಮು ಮಾಡಿ ಕ್ಯಾಮೆರಾ ನಿಲ್ಲುವ ಜಾಗಕ್ಕೆ ಸುಣ್ಣದ ಗುರುತು ಹಾಕಿಡಬೇಕು. ಒಣ ಹುಲ್ಲಿನ ಕಾಲ, ಕಿಡಿ ಹಾರಿದರೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಬೆಂಕಿಯ ಸುತ್ತ ಮೂರು ಮೀಟರ್ ಬೋಳು ಮಾಡಿ, 20 ಲೀಟರಿನ ನೀರಿನ ಕ್ಯಾನು, ಮರಳಿನ ಚೀಲ ಕೈಗೆಟುಕುವಲ್ಲಿ ಇಡಬೇಕು.

ಈಗ ಮುಖ್ಯ ವಿಷಯ: ಬದುಕುಳಿಯುವ ಕೆಲಸಗಳನ್ನು ಮಕ್ಕಳು ನಟಿಸಬಾರದು, ಕಲಿಯಬೇಕು. ಕಲಿಸುವವರು ಕುರಿಗಾಹಿಗಳ ಹಟ್ಟಿಯ ಹಿರಿಯರೇ ಆಗಿರಬೇಕು. ತರಬೇತಿ ಇಲ್ಲದೆ ಕ್ಯಾಮೆರಾ ಮುಂದೆ ಚಕಮಕಿ ಕೊಟ್ಟರೆ ಮಗು ಬೆಂಕಿ ಹಚ್ಚುವ ‘ಹಾವಭಾವ’ ಮಾಡುತ್ತದೆ. ನೋಡುವವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಚಕಮಕಿಗೆ ಬೇಕಾದದ್ದು ಮೂರು: ಚೂಪು ಅಂಚಿರುವ ಬೆಣಚುಕಲ್ಲು, ಗಟ್ಟಿ ಉಕ್ಕಿನ ತುಂಡು, ಕಿಡಿ ಹಿಡಿಯುವ ಅರಳೆ. ಕಿಡಿ ಬರುವುದು ಕಲ್ಲಿನಿಂದಲ್ಲ, ಉಕ್ಕಿನಿಂದ. ಕಲ್ಲಿನ ಅಂಚು ಉಕ್ಕನ್ನು ಹೆರೆದಾಗ ಹಾರುವ ಸಣ್ಣ ಚೂರು ಗಾಳಿ ತಾಕಿ ಉರಿಯುತ್ತದೆ. ಅದಕ್ಕೇ ಸಾದಾ ಕಬ್ಬಿಣದ ಪಟ್ಟಿ ಕೆಲಸಕ್ಕೆ ಬಾರದು, ಹಳೆಯ ಅರದ ತುಂಡು ಚೆನ್ನಾಗಿ ಆಗುತ್ತದೆ. ಅರಳೆಗೆ ಬದಲು ಹತ್ತಿಬಟ್ಟೆಯ ತುಂಡುಗಳನ್ನು ಮುಚ್ಚಳಕ್ಕೆ ಮೊಳೆಯಷ್ಟು ತೂತಿರುವ ತಗಡಿನ ಡಬ್ಬಿಯಲ್ಲಿಟ್ಟು, ತೂತಿನಿಂದ ಹೊಗೆ ನಿಲ್ಲುವವರೆಗೆ ಕೆಂಡದ ಮೇಲೆ ಕಾಯಿಸಿದರೆ ಕರಕಲಾಗುತ್ತದೆ. ಡಬ್ಬಿ ಪೂರ್ತಿ ಆರುವ ಮೊದಲು ತೆರೆದರೆ ಗಾಳಿ ಹೊಕ್ಕು ಎಲ್ಲವೂ ಬೂದಿ. ಬೆಳಗಿನ ಇಬ್ಬನಿಯಲ್ಲಿ ಕರಕಲು ಬಟ್ಟೆ ತೇವ ಎಳೆದುಕೊಂಡು ಸತ್ತುಹೋಗುತ್ತದೆ. ದೃಶ್ಯಕ್ಕೆ ಮುನ್ನ ಹೊಸ ತುಂಡು ಕೊಡಬೇಕು. ಎಡಗೈಯಲ್ಲಿ ಕಲ್ಲು, ಅದರ ಅಂಚಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದ ಬಟ್ಟೆ, ಬಲಗೈಯ ಉಕ್ಕು ಮೇಲಿನಿಂದ ಕೆಳಕ್ಕೆ ಸವರಿದಂತೆ ಬೀಳಬೇಕು. ಗುದ್ದಿದರೆ ಗಿಣ್ಣು ತರಚುತ್ತದೆಯೇ ಹೊರತು ಕಿಡಿ ಬರದು.

ನೀರಿಗೆ ವರ್ತಿ. ಒಣಗಿದ ಹೊಳೆಯ ಉಸುಕಿನಲ್ಲಿ, ಮೇಲ್ಮೈ ಸ್ವಲ್ಪ ಕಪ್ಪಾಗಿ ತಂಪಾಗಿರುವ ಕಡೆ, ಕೈಯಿಂದ ತೋಡುವುದು. ಮೊದಲು ಬರುವ ನೀರು ಕೆಸರು. ಎರಡು ಮೂರು ಸಲ ಮೊಗೆದು ಚೆಲ್ಲಿ ಸುಮ್ಮನೆ ಕೂತರೆ ತಿಳಿಯಾಗುತ್ತದೆ. ಆ ಸುಮ್ಮನೆ ಕೂರುವುದೇ ದೃಶ್ಯದ ಜೀವಾಳ. ಬಾಯಾರಿದ ಶಹರದ ಹುಡುಗಿ ಕೆಸರಿಗೇ ಬಾಯಿ ಹಾಕಲು ಹೋಗುತ್ತಾಳೆ. ಹುಡುಗ ತಡೆದು, “ತಡಿ, ಹೊಳಿಗೆ ಉಸುರು ಬಿಡಾಕ ಬಿಡು” ಅಂತ ಅಷ್ಟೇ ಹೇಳುತ್ತಾನೆ. ಮಕ್ಕಳ ಬಾಯಿಗೆ ಹೋಗುವುದು ಮಾತ್ರ ಬಾಟಲಿ ನೀರೇ. ಕಟ್ ಮಾಡಿ ಬೊಗಸೆಗೆ ಬೇರೆ ನೀರು ಹಾಕಿ ಕ್ಲೋಸಪ್ ತೆಗೆಯಬೇಕು. ಉಸುಕು ಕುಸಿಯುವ ವಸ್ತು, ಗುಂಡಿ ಮಗುವಿನ ಸೊಂಟಕ್ಕಿಂತ ಆಳ ಹೋಗಬಾರದು. ಇನ್ನೂ ದೊಡ್ಡ ಅಪಾಯ ಮೇಲ್ದಂಡೆಯಿಂದ ಬರುವುದು. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಒಣಗಿದ್ದ ಮಲಪ್ರಭೆ ತುಂಬುತ್ತದೆ. ನೀರಾವರಿ ಇಲಾಖೆಯನ್ನು ಕೇಳದೆ ಮಕ್ಕಳನ್ನು ಹೊಳೆಯ ಪಾತ್ರಕ್ಕೆ ಇಳಿಸಲೇಬಾರದು.

ಊಟಕ್ಕೆ ಬೇಟೆಯ ದೃಶ್ಯ ಇಡುವ ಆಸೆ ಇಂಥ ಕಥೆ ಬರೆಯುವವರಿಗೆಲ್ಲ ಬರುತ್ತದೆ. ಮೊಲವಾಗಲಿ ಉಡವಾಗಲಿ ಹಿಡಿಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಕಥೆಗೂ ಅದು ಬೇಡ. ಈ ಸೀಮೆಯಲ್ಲಿ ಜನವರಿ ಅಂದರೆ ಸೀತನಿ, ಕೆಂಡದಲ್ಲಿ ಸುಟ್ಟ ಎಳೆ ಜೋಳ. ಬಿಳಿಜೋಳದ ತೆನೆ ಹಾಲು ತುಂಬಿ ಗಟ್ಟಿಯಾಗುವ ಮುನ್ನ ಕಿತ್ತು, ಸಣ್ಣ ಗುಂಡಿಯಲ್ಲಿ ಕುಳ್ಳು ಉರಿಸಿ, ಜ್ವಾಲೆ ಇಳಿದು ಹೊಗೆ ನಿಂತ ಮೇಲೆ ತೆನೆಯನ್ನು ಬೂದಿಗೆಂಡದಲ್ಲಿ ತೂರಿಸಿ ತಿರುಗಿಸುತ್ತಾ ಮೂರ್ನಾಲ್ಕು ನಿಮಿಷ. ಜ್ವಾಲೆ ಇರುವಾಗಲೇ ಇಟ್ಟರೆ ಮೇಲೆ ಸುಟ್ಟು ಒಳಗೆ ಹಸಿ. ತೆಗೆದು ಬಡಿಗೆಯಿಂದ ಬಡಿದು, ಕಂಬಳಿಯ ಮೇಲೆ ತಿಕ್ಕಿ, ಊದಿ, ಬಿಸಿಯಿದ್ದಾಗಲೇ ಬಾಯಿಗೆ. ಮೂವರೂ ಒಂದೇ ಕಂಬಳಿಯ ಸುತ್ತ ಕೂತು ಕಾಳು ಹೆಕ್ಕುವಾಗ ಮಾತಿನ ಅಗತ್ಯವೇ ಬೀಳದು. ಕಿತ್ತ ತೆನೆ ಕೆಲವೇ ತಾಸಿನಲ್ಲಿ ಬಾಡುತ್ತದೆ. ಹಾಗಾಗಿ ಒಂದೊಂದು ಟೇಕ್‌ಗೂ ಹೊಲದಿಂದ ಆಗಲೇ ತರಬೇಕು, ಹೊಲದವರಿಗೆ ಮುಂಗಡ ಹಣ ಕೊಟ್ಟಿಡಬೇಕು. ಬಾರಿಹಣ್ಣೂ ಇದೇ ಕಾಲಕ್ಕೆ ಸಿಗುತ್ತದೆ. ಕವಳಿಹಣ್ಣು ಬೇಸಿಗೆಯದು. ಚಿತ್ರಕಥೆಯಲ್ಲಿ ಎರಡನ್ನೂ ಒಂದೇ ದಿನ ತಿನ್ನಿಸಿದರೆ ಹಳ್ಳಿಯ ಪ್ರೇಕ್ಷಕರು ಅಲ್ಲಿಗೇ ಸಿನಿಮಾ ಬಿಡುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಇಡೀ ಕಥೆಯ ತಿರುವು ಬೇರೊಂದು ಜೋಳದಲ್ಲಿದೆ. ಕಟಾವಾದ ಹೊಲದಲ್ಲಿ ಕುಳೆ ಒಡೆದು ಎಳೆ ಹಸಿರು ಚಿಗುರಿರುತ್ತದೆ. ಹಸಿದ ಕುರಿಗಳು ಅದಕ್ಕೆ ನುಗ್ಗಿದರೆ ಹುಡುಗ ಕಲ್ಲೆಸೆದು ಓಡಿಸುತ್ತಾನೆ. ಹುಡುಗಿಗೆ ಅದು ಕ್ರೌರ್ಯ. ಆದರೆ ಎಳೆ ಕುಳೆ ಜೋಳದಲ್ಲಿ, ಬರಕ್ಕೆ ಮುರುಟಿದ ಪೈರಿನಲ್ಲಿ, ಸಯನೈಡ್ ವಿಷ ಹುಟ್ಟುತ್ತದೆ. ಹೆಚ್ಚು ಮೇಯ್ದ ಕುರಿ ಉಸಿರು ಕಟ್ಟಿ ಸಾಯುತ್ತದೆ. ಇದನ್ನು ಹುಡುಗನ ಬಾಯಲ್ಲಿ ಪಾಠದಂತೆ ಹೇಳಿಸದೆ, ಮರುದಿನ ತಮ್ಮನೇ ಅದೇ ಹಸಿರಿನತ್ತ ಹೊರಟ ಮರಿಯನ್ನು ಎತ್ತಿಕೊಂಡು ಬರುವಂತೆ ಮಾಡಿದರೆ ಸಾಕು. ಕುರಿಗಾಹಿಯನ್ನು ಎಲ್ಲ ಬಲ್ಲ ಋಷಿಯಾಗಿ ಮಾಡುವುದು, ಶಹರದವರ ಸೇವೆಗೆಂದೇ ಹುಟ್ಟಿದ ದಾರಿದೀಪವಾಗಿ ಮಾಡುವುದು, ಎರಡೂ ಅವನಿಗೆ ಮಾಡುವ ಅನ್ಯಾಯ. ಅವನಿಗೆ ಅವನದೇ ಅವಸರ ಇರಬೇಕು: ಸಂಜೆಯೊಳಗೆ ಇಂಥವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಬೇಕು, ತಪ್ಪಿದರೆ ಹಟ್ಟಿಗೆ ಬರಬೇಕಾದ ಕಾಳು ತಪ್ಪುತ್ತದೆ. ಈ ಮಕ್ಕಳು ಅವನ ದಾರಿಗೆ ಅಡ್ಡ ಬಂದ ತೊಂದರೆ. ಆ ಸಿಡುಕಿನಿಂದಲೇ ಗೆಳೆತನ ಶುರುವಾಗಬೇಕು.

ಕುರಿಯನ್ನು ಕ್ಯಾಮೆರಾ ಮುಂದೆ ತರಲು ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು, ಹಿಂಡಿನ ನಾಯಿಗೂ ಬೇಕು. ಮಂಡಳಿಯ ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ದೃಶ್ಯದ ವಿವರ, ಪ್ರಾಣಿಗಳ ಸಂಖ್ಯೆ, ಪಶುವೈದ್ಯರ ಆರೋಗ್ಯ ಪತ್ರ ಎಲ್ಲ ಮೊದಲೇ ಕಳಿಸಬೇಕು. ಈ ಕಾಗದ ಇಲ್ಲದಿದ್ದರೆ ಕೊನೆಗೆ ಸೆನ್ಸಾರ್ ಹಂತದಲ್ಲಿ ಸಿನಿಮಾ ನಿಂತುಬಿಡುತ್ತದೆ. ಹಿಂಡು ತನ್ನ ಧಣಿಯ ಕೂಗಿಗಷ್ಟೇ ತಿರುಗುತ್ತದೆ, ನಟನ ಕೂಗಿಗಲ್ಲ. ಫ್ರೇಮಿನ ಹೊರಗೆ ಧಣಿ ನಿಲ್ಲಲೇಬೇಕು. ಇಳಿಜಾರಿನಲ್ಲಿ ಇಳಿದ ಇನ್ನೂರು ಕುರಿಯನ್ನು ರೀಟೇಕ್‌ಗೆ ಹಿಂದಕ್ಕೆ ಹತ್ತಿಸಲಾಗದು, ಸುತ್ತು ಹಾಕಿಸಿ ತರಬೇಕು, ಅರ್ಧ ತಾಸು ಹೋಯಿತು ಅಂತಲೇ ಲೆಕ್ಕ. ಎರಡು ಕ್ಯಾಮೆರಾ ಇಡುವುದು ಇಲ್ಲಿ ದುಂದಲ್ಲ. ಬಿಸಿಲೇರಿದ ಮೇಲೆ ಕುರಿಗಳು ತಲೆ ತಗ್ಗಿಸಿ ಒಂದರ ನೆರಳಿಗೆ ಒಂದು ಮುಖ ಒಡ್ಡಿ ನಿಂತುಬಿಡುತ್ತವೆ, ಆಮೇಲೆ ಏನು ಮಾಡಿದರೂ ಕದಲವು.

ಕೊರಳ ಗಂಟೆ ಧ್ವನಿಗೆ ದೊಡ್ಡ ತಲೆನೋವು. ಒಂದು ಶಾಟಿನಲ್ಲಿ ಕೇಳಿ ಮುಂದಿನದರಲ್ಲಿ ಕೇಳದಿದ್ದರೆ ಸಂಕಲನದಲ್ಲಿ ಮಾತು ಜೋಡಿಸಲಾಗದು. ಸಂಭಾಷಣೆಯ ಹೊತ್ತಿಗೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಬಾಯಿ ಮುಚ್ಚಿಸಬೇಕು, ಗಂಟೆಯ ಸದ್ದನ್ನು ದೂರ, ಹತ್ತಿರ, ನಡೆಯುವಾಗ, ಮೇಯುವಾಗ ಅಂತ ಬೇರೆ ಬೇರೆಯಾಗಿ ದಾಖಲಿಸಿಕೊಳ್ಳಬೇಕು. ಕಾಲರ್ ಮೈಕ್ ಕಂಬಳಿಯ ಕೆಳಗೆ ಇಟ್ಟರೆ ಉಣ್ಣೆ ತಿಕ್ಕಿ ಕರಕರ ಬರುತ್ತದೆ. ಅಂಗಿಯ ಒಳಗೆ, ಎದೆಯ ಮೂಳೆಯ ಮೇಲೆ ಟೇಪ್ ಹಚ್ಚಿ ಕೂರಿಸಬೇಕು. ಗುಡ್ಡದ ಮೇಲಿನ ಗಾಳಿಗೆ ತುಪ್ಪಳದ ಕವಚ ಇಲ್ಲದ ಬೂಮ್ ಮೈಕ್ ನಿರುಪಯೋಗಿ.

ಬಾದಾಮಿಯ ಕೆಂಪು ಮರಳುಗಲ್ಲು ಬೆಳಕನ್ನೂ ಕೆಂಪು ಮಾಡುತ್ತದೆ. ಬಂಡೆಯ ಬದಿ ನಿಂತ ಮಗುವಿನ ಗದ್ದದ ಕೆಳಗೆ ಕಿತ್ತಳೆ ಛಾಯೆ ಬೀಳುತ್ತದೆ. ಬೂದು ಕಾರ್ಡನ್ನು ಮುಖದ ಪಕ್ಕದಲ್ಲೇ ಹಿಡಿದು ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾದ ಬಣ್ಣದ ಹೊಂದಾಣಿಕೆ, ಮಾಡಬೇಕು, ಮೂರು ಮಾರು ದೂರದಲ್ಲಿ ಮಾಡಿದರೆ ಬಣ್ಣ ಕೂಡುವುದಿಲ್ಲ. ಬೆಳ್ಳಿಯ ರಿಫ್ಲೆಕ್ಟರ್ ಮಕ್ಕಳ ಕಣ್ಣಿಗೆ ಚುಚ್ಚುತ್ತದೆ, ಬಿಳಿ ಥರ್ಮಕೋಲ್ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ನಿರ್ಧಾರ ಉಳಿದವಕ್ಕಿಂತ ದೊಡ್ಡದು: ಕಥೆಯ ಕ್ರಮದಲ್ಲೇ ಚಿತ್ರೀಕರಿಸುವುದು. ಒಂದು ಲೊಕೇಶನ್ನಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವ ಪದ್ಧತಿಗಿಂತ ಇದು ದುಬಾರಿ, ಮತ್ತೆ ಮತ್ತೆ ಅದೇ ಗುಡ್ಡ ಹತ್ತಬೇಕು. ಆದರೂ ಬಿಡಬಾರದು. ಮಕ್ಕಳ ಮೈ ಬಿಸಿಲಿಗೆ ದಿನದಿಂದ ದಿನಕ್ಕೆ ಕಪ್ಪಾಗುತ್ತದೆ, ಅದನ್ನು ಮೇಕಪ್ಪಿನಲ್ಲಿ ಹಿಂದಕ್ಕೆ ತರಲಾಗದು. ಬಟ್ಟೆಯದೂ ಅದೇ ಲೆಕ್ಕ. ಗುಡ್ಡದ ಮೇಲೆ ಕೆಂಪು ಧೂಳು, ಹೊಳೆಯ ಕಡೆ ಇಳಿದರೆ ಎರೆಮಣ್ಣಿನ ಕಪ್ಪು. ಒಮ್ಮೆ ಎರೆ ಹತ್ತಿದ ಅಂಗಿ ಮತ್ತೆ ಗುಡ್ಡದ ದೃಶ್ಯಕ್ಕೆ ಬಾರದು. ಬೂಟು ಮಾತ್ರ ಒಂದೇ ಅಳತೆಯ ಮೂರು ಜೊತೆ ಇರಬೇಕು: ಹೊಸದು, ಅರೆ ಸವೆದದ್ದು, ಅಟ್ಟೆ ಬಾಯಿ ಬಿಟ್ಟದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ದಿನ ಒಬ್ಬರನ್ನೊಬ್ಬರು ನೋಡಲು ನಾಚುವ ಮೂವರು ಕೊನೆಯ ವಾರಕ್ಕೆ ಒಂದೇ ಬುತ್ತಿಗೆ ಕೈ ಹಾಕುತ್ತಿರುತ್ತಾರೆ. ಆ ನಾಚಿಕೆಯನ್ನು ಆಮೇಲೆ ಯಾವ ನಿರ್ದೇಶಕನೂ ಮರಳಿ ಹುಟ್ಟಿಸಲಾರ.

ತಂಡದ ಕಾಳಜಿಗೆ ಕೆಲವು ಮಾತು. ಒಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು, ಜೊತೆಗೆ ಮಜ್ಜಿಗೆ, ಓಆರ್‌ಎಸ್. ಬಾದಾಮಿಯ ಮಂಗಗಳು ಚೀಲ ಕಸಿಯುವುದರಲ್ಲಿ ನಿಪುಣ, ಊಟ ತೆರೆದಿಡಬಾರದು. ಬಂಡೆಯ ಬಿರುಕಿಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಬೇಕು. ನಾಗರ, ಕೊಳಕುಮಂಡಲ, ಗರಗಸಮಂಡಲ ಎಲ್ಲ ಇಲ್ಲಿವೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಯಾವ ಆಸ್ಪತ್ರೆಯಲ್ಲಿ ವಿಷಹಾರಿ ಔಷಧದ ದಾಸ್ತಾನು ಇದೆ ಅನ್ನುವುದನ್ನು ಚಿತ್ರೀಕರಣಕ್ಕೆ ಮುಂಚೆಯೇ ಕೇಳಿ ಬರೆದಿಟ್ಟುಕೊಂಡಿರಬೇಕು. ಕಾರು ಯಾವಾಗಲೂ ಗುಡ್ಡದ ಬುಡದಲ್ಲಿ ಮೂತಿ ಊರ ಕಡೆ ಮಾಡಿ ನಿಂತಿರಲಿ.

ಡಬ್ಬಿಂಗ್ ಆಮೇಲೆ ನೋಡಿಕೊಳ್ಳೋಣ ಅನ್ನುವ ರೂಢಿ ಈ ಬಗೆಯ ಚಿತ್ರಕ್ಕೆ ಒಗ್ಗದು. ಕುರಿಗಾಹಿಯ ಪಾತ್ರದ ಹುಡುಗನ ವಯಸ್ಸೇ ಗಂಟಲು ಒಡೆಯುವ ವಯಸ್ಸು. ಫೆಬ್ರುವರಿಯಲ್ಲಿ ತೆಳ್ಳಗಿದ್ದ ದನಿ ಮಳೆಗಾಲದ ಹೊತ್ತಿಗೆ ಬೇರೆಯಾಗಿರುತ್ತದೆ, ಬಾಯಿಚಲನೆಗೆ ಎಷ್ಟು ಹೊಂದಿಸಿದರೂ ಅದು ಆ ಹುಡುಗನಲ್ಲ. ಹಾಗಾಗಿ ಪ್ರತಿ ಸಂಜೆ ಪ್ಯಾಕಪ್ಪಿಗೆ ಮುನ್ನ, ಐದು ತಾಸಿನ ಲೆಕ್ಕದೊಳಗೇ ಹತ್ತು ನಿಮಿಷ ಉಳಿಸಿಕೊಂಡು, ಗಾಳಿ ಬೀಳದ ಬಂಡೆಯ ಮರೆಯಲ್ಲಿ ಅವನನ್ನು ಕೂರಿಸಿ ಅಂದಿನ ಮಾತುಗಳನ್ನೆಲ್ಲ ಕ್ಯಾಮೆರಾ ಇಲ್ಲದೆ ಮತ್ತೊಮ್ಮೆ ಹೇಳಿಸಿ ದಾಖಲಿಸಬೇಕು. ಕುರಿ ಕರೆಯುವ ಕೂಗುಗಳನ್ನಂತೂ ತಪ್ಪದೆ ದಾಖಲಿಸಬೇಕು, ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ನಿಂತು ಯಾವ ಹುಡುಗನೂ ಆ ಕೂಗು ಹಾಕಲಾರ.